ಯಾಕಾಯ್ತು ಎಂಬ ಖಾನೆ

ಸೆಪ್ಟೆಂಬರ್ 3, ಬುಧವಾರ

ಫಿಸಿಕ್ಸ್ ಮೇಡಂ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡದ್ದು ಅವರ ಗ್ರಹಚಾರ. ಅದಕ್ಕೆ ಶಿಕ್ಷೆ ಅನುಭವಿಸುತ್ತಿರುವವನು ನಾನು. ಬೆಳಿಗ್ಗೆ ಪ್ರಿನ್ಸಿಪಾಲರು ಕರೆದು, "ಅವರು ಬರೋ ತನಕ ರೋಬೋಟ್ ತಂಡವನ್ನ ನೀವೇ ನೋಡ್ಕೊಳ್ಳಿ. ಹೇಗಿದ್ರೂ ಮಕ್ಕಳು ನಿಮ್ಮ ಹಾಲ್‌ನಲ್ಲೇ ಇರ್ತಾರಲ್ಲ," ಎಂದರು.

ನನ್ನ ಹಾಲ್‌ನಲ್ಲಿರುವುದೇ ನನ್ನ ತಕರಾರು. ಇಪ್ಪತ್ತೆರಡು ವರ್ಷದಿಂದ ಈ ಶಾಲೆಯ ಪಿ.ಟಿ. ಮೇಷ್ಟ್ರು ನಾನು. ಆ ಹಾಲ್‌ನಲ್ಲಿ ನೆಟ್ ಕಟ್ಟಿ ವಾಲಿಬಾಲ್ ಆಡಿಸಿ ಕಪ್ ತಂದವನು. ರಜೆ ಮುಗಿಸಿ ಬಂದು ನೋಡಿದರೆ ನಟ್ಟನಡುವೆ ರೋಬೋಟ್ ಓಡಿಸುವ ಹನ್ನೆರಡಡಿ ಚೌಕದ ಅಂಕಣ, ಸುತ್ತ ಮೊಣಕಾಲೆತ್ತರದ ಗೋಡೆ. ನೆಟ್ ಕಟ್ಟುವುದಿರಲಿ, ಕೈ ಬೀಸಿ ನಡೆಯುವುದಕ್ಕೂ ಜಾಗವಿಲ್ಲ.

ಮಧ್ಯಾಹ್ನ ಕೂತು ಅರ್ಜಿ ಬರೆದೆ. ಎರಡು ಪುಟ, ನಾಲ್ಕು ಕಾರಣ, ಒಂದಕ್ಕಿಂತ ಒಂದು ಗಟ್ಟಿ. ಹಾಲ್ ಕ್ರೀಡೆಗೆ ವಾಪಸ್ ಬರಬೇಕು. ಶಾಲೆಯಲ್ಲಿ ಆ ಅಂಕಣ ಹಿಡಿಸುವ ಬೇರೆ ಕೋಣೆ ಇಲ್ಲ, ಹಾಲ್ ಹೋದರೆ ರೋಬೋಟ್ ತಂಡವೂ ಹೋದ ಹಾಗೆ. ಅದು ಅವರ ಚಿಂತೆ. ಪ್ರಿನ್ಸಿಪಾಲರು ಓದಿ, "ತಿಂಗಳ ಕೊನೆಗೆ ಆಡಳಿತ ಮಂಡಳಿ ಸೇರುತ್ತೆ, ಅಲ್ಲಿಡ್ತೀನಿ," ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಸಂಜೆ ಹೆಂಡತಿಗೆ ಅರ್ಜಿಯನ್ನು ಓದಿ ಹೇಳಿದೆ. ಅವಳು ಹೊಲಿಗೆ ನಿಲ್ಲಿಸದೆ ಕೇಳಿದಳು. "ನಿಮ್ಮ ವಾಲಿಬಾಲ್ ತಂಡದಲ್ಲಿ ಈಗ ಎಷ್ಟು ಜನ?"

"ಐದು."

"ಆಡೋಕೆ ಎಷ್ಟು ಜನ ಬೇಕು?"

ಆರು ಎನ್ನದೆ ನಾನು ಕೈಕಾಲು ತೊಳೆಯಲು ಎದ್ದು ಹೋದೆ.

ಸೆಪ್ಟೆಂಬರ್ 5, ಶುಕ್ರವಾರ

ತಂಡದಲ್ಲಿ ಏಳು ಮಕ್ಕಳು. ಹೆಸರುಗಳು ಹಾಜರಿ ಪುಸ್ತಕದಲ್ಲಿವೆ. ನನ್ನ ನಾಲಿಗೆಯ ಮೇಲೆ ನಿಲ್ಲುವುದು ನಾನಿಟ್ಟ ಹೆಸರುಗಳು ಮಾತ್ರ. ಯಜಮಾನಿಕೆ ಮಾಡುವವಳು ಹತ್ತನೇ ತರಗತಿಯ ಒಂದು ಕಡ್ಡಿ ಹುಡುಗಿ. ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಜಡೆಯಲ್ಲಿ ಸ್ಪ್ಯಾನರ್ ಸಿಕ್ಕಿಸಿಕೊಂಡಿರುತ್ತಾಳೆ. ಹಾಗಾಗಿ ಸ್ಪ್ಯಾನರ್. ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ಕನ್ನಡಕದ ಹುಡುಗ ಪಂಡಿತ. ಏನು ಕೇಳಿದರೂ ಐದು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಉತ್ತರ ಕೊಡುತ್ತಾನೆ.

ಅವರ ರೋಬೋಟ್ ಒಂದು ಡಬ್ಬ. ನಾಲ್ಕು ಚಕ್ರ, ಮೇಲೊಂದು ಕೈ. ನೆಲದ ಮೇಲಿನ ಸ್ಪಂಜಿನ ಚೆಂಡು ಹೆಕ್ಕಿ ಬುಟ್ಟಿಗೆ ಹಾಕುತ್ತದೆ. ಅದನ್ನು ನಾನು ಮೂರನೇ ವಯಸ್ಸಿನಲ್ಲೇ ಮಾಡುತ್ತಿದ್ದೆ, ಬ್ಯಾಟರಿ ಇಲ್ಲದೆ.

ಸ್ಪ್ಯಾನರ್ ಆಟ ವಿವರಿಸಿದಳು. "ಎರಡೂವರೆ ನಿಮಿಷ, ಸಾರ್. ಕೆಂಪು ಕಡೆ ಎರಡು ಶಾಲೆ, ನೀಲಿ ಕಡೆ ಎರಡು ಶಾಲೆ. ಪ್ರತಿ ಸಲ ಚೀಟಿ ಎತ್ತಿ ಜೋಡಿ ಮಾಡ್ತಾರೆ. ಮೊದಲ ಅರ್ಧ ನಿಮಿಷ ಯಾರೂ ಮುಟ್ಟೋ ಹಾಗಿಲ್ಲ, ಇವನು ಬರೆದ ಪ್ರೋಗ್ರಾಂ ಪ್ರಕಾರ ಅದೇ ಓಡಬೇಕು. ಆಮೇಲೆ ರಿಮೋಟ್ ನನ್ನ ಕೈಗೆ."

ಒಳ್ಳೆಯದಾಯಿತು, ಆಡಿ, ಎಂದೆ. ಅವಳು ಹೋಗಲಿಲ್ಲ. "ಸಾರ್, ಆ ಮ್ಯಾಟ್‌ಗಳನ್ನ ಸ್ವಲ್ಪ ಸರಿಸಬಹುದಾ? ನೀಲಿ ಕಡೆ ನಿಲ್ಲೋಕೆ ಜಾಗ ಇಲ್ಲ."

ನಲವತ್ತೆರಡು ಕಸರತ್ತಿನ ಮ್ಯಾಟ್‌ಗಳನ್ನು ಹಾಲ್‌ನ ಆ ಗೋಡೆಗೆ ಒಪ್ಪವಾಗಿ ಒಟ್ಟಿದವನು ನಾನು. ಈಗಾಗಲೇ ಅರ್ಧ ಹಾಲ್ ಕಳೆದುಕೊಂಡಿದ್ದೇನೆ. "ಮ್ಯಾಟ್ ಎಲ್ಲಿದೆಯೋ ಅಲ್ಲೇ ಇರುತ್ತೆ," ಎಂದೆ. "ಒಂದು ಕಡೆ ನಿಂತು ಆಡೋಕೆ ಬಂದ್ರೆ ಇನ್ನೊಂದು ಕಡೆನೂ ಬರುತ್ತೆ."

"ಸರಿ ಸಾರ್," ಎಂದು ಹೋದಳು. ಶಿಸ್ತಿನ ಹುಡುಗಿ.

ಸೆಪ್ಟೆಂಬರ್ 9, ಮಂಗಳವಾರ

ಶನಿವಾರ ಇವರನ್ನು ಬೇರೆ ಶಾಲೆಗೆ ಕರೆದುಕೊಂಡು ಹೋಗಬೇಕಂತೆ. ಅಭ್ಯಾಸ ಪಂದ್ಯ. ನಿಜವಾದ ಸ್ಪರ್ಧೆ ನವೆಂಬರಿನಲ್ಲಿ. ಇಲ್ಲಿ ಗೆದ್ದರೂ ಲೆಕ್ಕಕ್ಕಿಲ್ಲ, ಸೋತರೂ ಲೆಕ್ಕಕ್ಕಿಲ್ಲ. ಹಾಗಾದರೆ ಹೋಗುವುದು ಯಾಕೆ ಎಂದು ಪಂಡಿತನನ್ನು ಕೇಳಿದೆ. ಐದು ಎಣಿಸಿದ. "ಏನೇನು ಕೆಡುತ್ತೆ ಅಂತ ನೋಡೋಕೆ, ಸಾರ್."

ಕೆಡಿಸಿಕೊಳ್ಳಲು ಬಸ್ ಹತ್ತಿ ಹೋಗುವವರನ್ನು ಮೊದಲ ಸಲ ನೋಡುತ್ತಿದ್ದೇನೆ.

ಸೆಪ್ಟೆಂಬರ್ 13, ಶನಿವಾರ

ಏನೇನು ಕೆಡುತ್ತದೆ ಎಂದು ನೋಡಿಬಂದೆವು. ಕೆಡದೆ ಉಳಿದದ್ದನ್ನು ಬರೆದರೆ ಬೇಗ ಮುಗಿಯುತ್ತದೆ.

ಆ ಶಾಲೆಯ ಊಟದ ಹಾಲ್‌ನಲ್ಲಿ ಹದಿನಾರು ತಂಡಗಳು, ಪ್ರತಿ ತಂಡಕ್ಕೂ ಒಂದು ಮೇಜು, ಮೇಜಿನ ಮೇಲೆ ತಂತಿಯ ರಾಶಿ. ಮೊದಲ ಪಂದ್ಯ ನಮಗೆ ಕೆಂಪು ಕಡೆ ಬಂತು. ಡಬ್ಬ ಮುಂದಕ್ಕೆ ಹೋಯಿತು, ಎಡಕ್ಕೆ ತಿರುಗಿತು, ಮೂರು ಚೆಂಡುಗಳನ್ನು ಕೆಂಪು ಬುಟ್ಟಿಗೆ ಹಾಕಿತು. ಪರವಾಗಿಲ್ಲವೇ ಎಂದುಕೊಂಡೆ.

ಎರಡನೆಯದು ನೀಲಿ ಕಡೆ. ಎರಡೂ ಕಡೆಯ ರೋಬೋಟ್‌ಗಳು ಒಂದೇ ಗೋಡೆಯಿಂದ ಹೊರಡುತ್ತವೆ, ಕೆಂಪು ಬುಟ್ಟಿ ಎಡಗಡೆಯ ಗೋಡೆಯಲ್ಲಿ, ನೀಲಿಯದು ಬಲಗಡೆಯದರಲ್ಲಿ. ನಮ್ಮ ಡಬ್ಬ ಮುಂದಕ್ಕೆ ಹೋಯಿತು, ಎಂದಿನಂತೆ ಎಡಕ್ಕೆ ತಿರುಗಿತು, ಇಡೀ ಅಂಕಣವನ್ನು ದಾಟಿ ಎದುರಾಳಿಗಳ ಕೆಂಪು ಬುಟ್ಟಿಗೆ ಮೂರೂ ಚೆಂಡುಗಳನ್ನು ಹಾಕಿ, ಒಪ್ಪಿಸಿದ ಕೆಲಸ ಮುಗಿಸಿದವರ ಹಾಗೆ ನಿಂತುಕೊಂಡಿತು. ಹಾಲ್‌ಗೆ ಹಾಲೇ ನಕ್ಕಿತು. ನಮ್ಮ ಜೊತೆಗಾರ ಶಾಲೆಯ ಮಕ್ಕಳು ಮಾತ್ರ ನಗಲಿಲ್ಲ. ಕೆಂಪು ಕಡೆಯ ಮೇಷ್ಟ್ರು ಬಂದು ನನ್ನ ಕೈ ಕುಲುಕಿ, "ತುಂಬಾ ಉಪಕಾರ ಆಯ್ತು," ಎಂದರು.

ಆಮೇಲೆ ರಿಮೋಟ್ ಹಿಡಿದ ಸ್ಪ್ಯಾನರ್ ಕೂಡ ತಡವರಿಸಿದಳು. ನೀಲಿ ಕಡೆಯಿಂದ ನೋಡಿದರೆ ಎಲ್ಲವೂ ಅದಲುಬದಲು. ಅವಳು ಬಲಕ್ಕೆ ಅನ್ನುವುದು, ಅದು ಎಡಕ್ಕೆ ಅನ್ನುವುದು, ಎತ್ತು ಏರಿಗೆ ಕೋಣ ನೀರಿಗೆ. ಐದು ಪಂದ್ಯಗಳಲ್ಲಿ ಮೂರು ನೀಲಿ ಕಡೆ ಬಂದವು. ಮೂರರಲ್ಲೂ ಮಣ್ಣು ಮುಕ್ಕಿದೆವು. ನಾಲ್ಕನೆಯದು ಕೆಂಪೇ ಇತ್ತು, ಆದರೆ ಬ್ಯಾಟರಿ ಕಟ್ಟಿದ ಪಟ್ಟಿ ಸಡಿಲವಾಗಿ ಡಬ್ಬ ನಡುದಾರಿಯಲ್ಲಿ ಪ್ರಾಣ ಬಿಟ್ಟಿತು. ಆಗ ನಮ್ಮನ್ನು ಸೋಲಿಸಿದ ಮಕ್ಕಳೇ ಓಡಿಬಂದು ಅವರದೊಂದು ಪಟ್ಟಿ ಕೊಟ್ಟು ಹೋದರು. ಎದುರಾಳಿಗೆ ಸಹಾಯ ಮಾಡುವ ಆಟವನ್ನು ನಾನು ಎಲ್ಲೂ ಕಂಡಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸ್ಪ್ಯಾನರ್ ಒಂದು ನೋಟ್‌ಬುಕ್ ತುಂಬಿಸುತ್ತಿದ್ದಳು. ಇಸಿದುಕೊಂಡು ನೋಡಿದೆ. ಮೂರು ಖಾನೆ: ಏನಾಯ್ತು, ಯಾಕಾಯ್ತು, ಸರಿಯಾಯ್ತಾ. ಹನ್ನೊಂದು ಸಾಲು ಬರೆದಿದ್ದಳು. 'ಚಕ್ರ ಅಲುಗಿತು. ತಿರುಪು ಮೂರು ಸುತ್ತು ಕಮ್ಮಿ, ಬಿಗಿ ಮಾಡಿದ್ದು ನಾನೇ.' 'ಎಡಕ್ಕೆ ತಿರುಗಿತು. ಬಲದ ಪ್ರೋಗ್ರಾಂ ಇಲ್ಲ, ಪಂಡಿತ ಬರೆದಿಲ್ಲ.' ನಾನಿಟ್ಟ ಹೆಸರು ಅವರಲ್ಲೂ ನಡೆಯುತ್ತಿದೆ. ಯಾರ ಮುಲಾಜೂ ಇಲ್ಲ. ಏಳನೆಯ ಸಾಲು ಮಾತ್ರ ಬೇರೆ. 'ನೀಲಿ ಕಡೆಯಿಂದ ಒಂದು ಸಲವೂ ಅಭ್ಯಾಸ ಮಾಡಿರಲಿಲ್ಲ.' ಮುಂದಿನ ಖಾನೆ ಖಾಲಿ.

"ಇದ್ಯಾಕೆ ಬಿಟ್ಟೆ?" ಎಂದೆ.

"ನೆನಪಾಗ್ಲಿಲ್ಲ ಸಾರ್," ಎಂದು ಕಿಟಕಿಯ ಹೊರಗೆ ನೋಡಿದಳು.

ತಿರುಪಿನ ಸುತ್ತುಗಳನ್ನು ನೆನಪಿಟ್ಟುಕೊಳ್ಳುವ ಹುಡುಗಿ.

ಸೆಪ್ಟೆಂಬರ್ 14, ಭಾನುವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅನ್ನಲಿಲ್ಲ. ಖಾನೆ ಖಾಲಿ ಬಿಟ್ಟಳು, ಅಷ್ಟೆ. ಬೆಳಿಗ್ಗೆಯಿಂದ ಹೆಗಲು ಒರೆಸಿಕೊಳ್ಳುತ್ತಿದ್ದೇನೆ.

ಹೆಂಡತಿಗೆ ಡಬ್ಬದ ಕಥೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಹೇಳಿದಳು: "ಹೊಲಿಗೆ ಅಂಗಡಿ ಹಾಕಿದ ವರ್ಷ ನಾನೂ ಹಾಗೇ ಮಾಡಿದ್ದೆ. ಒಂದೇ ಅಂಗಿಗೆ ಎರಡೂ ಎಡಗೈ ತೋಳು ಕತ್ತರಿಸಿಬಿಟ್ಟೆ. ಒಂದು ತೋಳು ಕತ್ತರಿಸಿದ ಮೇಲೆ ಬಟ್ಟೆ ಮಗುಚಿ ಹಾಕ್ಕೋಬೇಕು. ಗೊತ್ತಿಲ್ಲದೆ ಅಲ್ಲ, ಮೇಜು ಚಿಕ್ಕದು, ಮಗುಚೋಕೆ ಜಾಗ ಇರಲಿಲ್ಲ."

"ಆಮೇಲೆ ಏನು ಮಾಡಿದೆ?"

"ಅಪ್ಪ ದೊಡ್ಡ ಮೇಜು ಮಾಡಿಸಿಕೊಟ್ರು."

ವಾಲಿಬಾಲ್‌ನಲ್ಲಿ ಪ್ರತಿ ಸೆಟ್ ಮುಗಿದ ಮೇಲೆ ಕಡೆ ಬದಲಿಸುತ್ತೇವೆ. ಒಂದು ಕಡೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಇನ್ನೊಂದು ಕಡೆ ಬೆನ್ನಿಗೆ. ಎರಡೂ ಕಡೆ ಆಡಿಸದೆ ನಾನು ಯಾವ ತಂಡವನ್ನೂ ಪಂದ್ಯಕ್ಕೆ ಕರೆದೊಯ್ದವನಲ್ಲ. ಇಷ್ಟು ಗೊತ್ತಿದ್ದವನು ಆ ಹುಡುಗಿಗೆ ಏನು ಹೇಳಿದೆ ಎಂದು ಇಲ್ಲಿ ಇನ್ನೊಮ್ಮೆ ಬರೆಯುವುದಿಲ್ಲ, ಐದನೇ ತಾರೀಖಿನ ಪುಟದಲ್ಲಿದೆ. ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ 15, ಸೋಮವಾರ

ನನ್ನ ಐವರು ವಾಲಿಬಾಲ್ ಹುಡುಗರನ್ನು ಕರೆದು ನಲವತ್ತೆರಡು ಮ್ಯಾಟ್‌ಗಳನ್ನೂ ವೇದಿಕೆಯ ಅಡಿಗೆ ಸಾಗಿಸಿದೆ. ಅರ್ಧ ಗಂಟೆಯ ಕೆಲಸ. ಮ್ಯಾಟ್‌ಗಳ ಹಿಂದೆ ಮೂರು ವಾಲಿಬಾಲ್, ಒಂದು ವಿಸಿಲ್, ಯಾರದೋ ಎಡಗಾಲಿನ ಶೂ ಸಿಕ್ಕವು.

ಸ್ಪ್ಯಾನರ್ ಬಂದವಳು ಖಾಲಿ ಗೋಡೆಯನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ನೋಟ್‌ಬುಕ್ ಇಸಿದುಕೊಂಡು ಏಳನೆಯ ಸಾಲಿನಲ್ಲಿ 'ಮ್ಯಾಟ್‌ಗಳು' ಎಂದು ಬರೆದು ವಾಪಸ್ ಕೊಟ್ಟೆ. ಅವಳು ಓದಿದಳು. ಮುಂದಿನ ಖಾನೆಯಲ್ಲಿ ಸರಿ ಗುರುತು ಹಾಕಿದಳು.

ಮ್ಯಾಟ್ ಸರಿಸಿದ್ದು ಧೂಳಾಗಿತ್ತು ಅಂತ. ಅರ್ಜಿ ಅರ್ಜಿಯೇ.

ಸೆಪ್ಟೆಂಬರ್ 18, ಗುರುವಾರ

ಎಡಕ್ಕೆ ತಿರುಗುವುದನ್ನು ಬಲಕ್ಕೆ ತಿರುಗಿಸಲು ಪಂಡಿತನಿಗೆ ಬೇಕಾದದ್ದು ಒಂದು ಮೈನಸ್ ಗುರುತು. "ಅಷ್ಟೇನಾ?" ಎಂದೆ. ಐದು ಎಣಿಸಿ, "ಯಂತ್ರಕ್ಕೆ ಅಷ್ಟೇ ಸಾರ್. ಅವಳ ಕೈಗೆ ಮೈನಸ್ ಹಾಕೋಕಾಗಲ್ಲ," ಎಂದ.

ಕೈಗೆ ಹಾಕುವ ಮೈನಸ್ ನನಗೆ ಗೊತ್ತು. ಅದರ ಹೆಸರು ವಿಸಿಲ್. ಐದು ನಿಮಿಷ ಕೆಂಪು ಕಡೆ, ವಿಸಿಲ್ ಊದಿದೊಡನೆ ಓಡಿಹೋಗಿ ಐದು ನಿಮಿಷ ನೀಲಿ ಕಡೆ. ಪಂಡಿತನ ಪ್ರೋಗ್ರಾಂನಲ್ಲಿ ಈಗ ಒಂದು ಗುಂಡಿ ಇದೆ, ಪಂದ್ಯಕ್ಕೆ ಮುಂಚೆ ಕಡೆ ಯಾವುದೆಂದು ಅದಕ್ಕೆ ಹೇಳಬೇಕು. ಮೊದಲ ದಿನವೇ ಎರಡು ಸಲ ಮರೆತರು. ಹಾಗಾಗಿ ನಾನು, "ಯಾವ ಕಡೆ?" ಎಂದು ಗದರುವುದು, ಏಳೂ ಜನ ಒಟ್ಟಿಗೆ ಉತ್ತರ ಹೇಳುವುದು, ಒಬ್ಬಳು ಗುಂಡಿ ಒತ್ತುವುದು ಎಂದು ನಿಯಮ ಮಾಡಿದೆ. ನಾಲ್ಕನೇ ದಿನವಾದ ಇವತ್ತಿಗೆ ಸ್ಪ್ಯಾನರ್‌ಳ ಕೈ ತಡವರಿಸುವುದು ನಿಂತಿತು.

ಬ್ಯಾಟರಿ ಪಟ್ಟಿ ಕಟ್ಟುವುದನ್ನು ನಾನು ವಹಿಸಿಕೊಂಡೆ. ಇಪ್ಪತ್ತೆರಡು ವರ್ಷ ಚಿಕ್ಕ ಮಕ್ಕಳ ಶೂ ಲೇಸ್ ಕಟ್ಟಿದ ಕೈ.

ಸೆಪ್ಟೆಂಬರ್ 23, ಮಂಗಳವಾರ

ಹೆಂಡತಿ, "ನಿಮ್ಮ ಡಬ್ಬ ಹೇಗಿದೆ?" ಎಂದಳು. ಅದನ್ನು ಡಬ್ಬ ಎನ್ನುವುದು ಸರಿಯಲ್ಲ, ಅದರಲ್ಲಿ ಎಂಟು ಮೋಟಾರುಗಳಿವೆ ಎಂದೆ. ಅವಳು ಹಲ್ಲಲ್ಲಿ ದಾರ ಕಚ್ಚಿಕೊಂಡು ನಕ್ಕದ್ದು ಯಾಕೋ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 27, ಶನಿವಾರ

ಎರಡನೇ ಅಭ್ಯಾಸ ಪಂದ್ಯ. ಗಂಟಲು ಪೂರ್ತಿ ಕಟ್ಟಿಹೋಗಿದೆ. ಆ ಹಾಲ್‌ನಲ್ಲಿ ಧೂಳು ಬಹಳ.

ಮೊದಲ ಪಂದ್ಯವೇ ನೀಲಿ. "ಯಾವ ಕಡೆ?" ಎಂದೆ. "ನೀಲಿ, ಸಾರ್," ಎಂದು ಏಳು ಗಂಟಲುಗಳು ಕೂಗಿದ್ದಕ್ಕೆ ತೀರ್ಪುಗಾರರು ಬೆಚ್ಚಿ ತಿರುಗಿ ನೋಡಿದರು. ನಮ್ಮವರು ಗುಂಡಿ ಒತ್ತಿದರು. ನಮ್ಮ ರೋಬೋಟ್ ಮುಂದಕ್ಕೆ ಹೋಯಿತು, ಒಂದು ಕ್ಷಣ ನಿಂತಿತು. ಆಮೇಲೆ ಬಲಕ್ಕೆ ತಿರುಗಿತು. ನೀಲಿ ಬುಟ್ಟಿಗೆ ಒಂದು, ಎರಡು, ಮೂರು. ಕಳೆದ ಸಲ ಉಪಕಾರ ನೆನೆದ ಮೇಷ್ಟ್ರು ಇವತ್ತೂ ಎದುರಿಗಿದ್ದರು. ಅವರ ಕೈಯನ್ನು ನಾನೇ ಹೋಗಿ ಕುಲುಕಿದೆ.

ಆರರಲ್ಲಿ ನಾಲ್ಕು ಗೆದ್ದೆವು. ಐದೂ ಗೆಲ್ಲಬಹುದಿತ್ತು. ಕೊನೆಯ ಪಂದ್ಯಕ್ಕೆ ಮುಂಚೆ ಎದುರಾಳಿ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಬಂದಳು, ಅವರ ಬ್ಯಾಟರಿ ಸತ್ತುಹೋಗಿತ್ತು. ಸ್ಪ್ಯಾನರ್ ನಮ್ಮ ಎರಡನೇ ಬ್ಯಾಟರಿ ಎತ್ತಿ ಕೊಟ್ಟೇಬಿಟ್ಟಳು. ನಮ್ಮ ಬ್ಯಾಟರಿಯ ಬಲದಿಂದಲೇ ಅವರು ನಮ್ಮನ್ನು ಎರಡು ಚೆಂಡುಗಳಿಂದ ಸೋಲಿಸಿದರು.

"ಕೊಡದೇ ಇದ್ದಿದ್ರೆ ಗೆಲ್ತಿದ್ವಿ," ಎಂದೆ.

"ಅವರು ಆಡ್ತಾನೇ ಇರಲಿಲ್ಲ, ಸಾರ್. ನಿಂತಿರೋ ರೋಬೋಟನ್ನ ಸೋಲಿಸಿದ್ರೆ ನಮ್ಮ ತಪ್ಪು ನಮಗೆ ಹೇಗೆ ಗೊತ್ತಾಗುತ್ತೆ? ಹೋದ ಸಲ ಪಟ್ಟಿ ಕೊಟ್ಟಿದ್ದೂ ಅವರೇ."

ಮೂವತ್ತು ಕಪ್ ಗೆದ್ದವನು ನಾನು, ಅವರ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನ ಕಡೆ ನಡೆದೆ. ಬಸ್ಸಿನಲ್ಲಿ ನೋಡಿದರೆ ನೋಟ್‌ಬುಕ್‌ನಲ್ಲಿ ಈ ಸಲ ನಾಲ್ಕೇ ಸಾಲು. ಹಿಂದಿನ ಸೀಟಿನಲ್ಲಿ ಆರು ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು, ಪಂಡಿತ ಮಾತ್ರ ಎಚ್ಚರವಿದ್ದು ಏನನ್ನೋ ಎಣಿಸುತ್ತಾ ಕೂತಿದ್ದ. ಸಂತೋಷವಾಗಿತ್ತು. ಯಾಕೆ ಸುಳ್ಳು ಹೇಳಲಿ, ಬಹಳ ಸಂತೋಷವಾಗಿತ್ತು.

ಸೆಪ್ಟೆಂಬರ್ 30, ಮಂಗಳವಾರ

ನನ್ನ ಅರ್ಜಿ ಮಂಜೂರಾಗಿದೆ.

ನಾನು ಅದನ್ನು ಮರೆತೇಬಿಟ್ಟಿದ್ದೆ. ಮಧ್ಯಾಹ್ನ ಆಫೀಸಿನ ಜವಾನ ಹಾಲ್‌ಗೇ ಪತ್ರ ತಂದ. ನನ್ನ ಕೈಯಲ್ಲಿ ಬ್ಯಾಟರಿ ಪಟ್ಟಿ ಇತ್ತು. "ಓದಮ್ಮಾ," ಎಂದು ಸ್ಪ್ಯಾನರ್‌ಗೆ ಹೇಳಿದೆ. ಅವಳು ಗಟ್ಟಿಯಾಗಿ ಓದಿದಳು: ಶುಕ್ರವಾರದೊಳಗೆ ರೋಬೋಟ್ ತಂಡ ಹಾಲ್ ತೆರವು ಮಾಡತಕ್ಕದ್ದು. ದೈಹಿಕ ಶಿಕ್ಷಕರು ಸಲ್ಲಿಸಿದ ಅರ್ಜಿಯಲ್ಲಿನ... ಅಲ್ಲಿಗೆ ನಿಲ್ಲಿಸಿದಳು.

"ನಿಮ್ಮ ಅರ್ಜಿ ಅಂತಿದೆ, ಸಾರ್."

"ಅದು ಮೂರನೇ ತಾರೀಖು ಬರೆದದ್ದು," ಎಂದೆ. ಎಂಥ ಪೆದ್ದು ಉತ್ತರ.

ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ. ಪಂಡಿತ ಐದಕ್ಕಿಂತ ಬಹಳ ಹೆಚ್ಚು ಎಣಿಸಿ ಲ್ಯಾಪ್‌ಟಾಪ್ ಮುಚ್ಚಿದ. ಸ್ಪ್ಯಾನರ್ ಜಡೆಯಿಂದ ಸ್ಪ್ಯಾನರ್ ತೆಗೆದು ಅಂಕಣದ ಗೋಡೆಯ ಮೊದಲ ಬೋಲ್ಟ್ ಬಿಚ್ಚಲು ಶುರುಮಾಡಿದಳು. "ಇವತ್ತೇ ಬೇಡ," ಎಂದೆ. "ಶುಕ್ರವಾರದ ತನಕ ಟೈಮ್ ಸಾಲಲ್ಲ, ಸಾರ್, ನೂರಿಪ್ಪತ್ತು ಬೋಲ್ಟ್ ಇದೆ," ಎಂದಳು. ತಲೆ ಎತ್ತಲಿಲ್ಲ.

ಅವರು ಹೋದ ಮೇಲೆ ನೋಟ್‌ಬುಕ್ ಬೆಂಚಿನ ಮೇಲಿತ್ತು. ಕೊನೆಯ ಸಾಲು: 'ಹಾಲ್ ಹೋಯಿತು.' ಯಾಕಾಯ್ತು ಎಂಬ ಖಾನೆ ಮತ್ತೆ ಖಾಲಿ. ಇಷ್ಟಾದರೂ ನನ್ನ ಮರ್ಯಾದೆ ಕಾಯುತ್ತಿದ್ದಾಳೆ. ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಲಾಗಲಿಲ್ಲ. 'ಸಾರ್ ಬರೆದ ಅರ್ಜಿ' ಎಂದು ದಪ್ಪಕ್ಷರದಲ್ಲಿ ತುಂಬಿಸಿ ಇಟ್ಟೆ.

ಅಕ್ಟೋಬರ್ 1, ಬುಧವಾರ

ಬಾಗಿಲು ತೆಗೆಯುವ ಮುಂಚೆಯೇ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತಿದ್ದೆ. ಅರ್ಜಿ ವಾಪಸ್ ಬೇಕು ಎಂದೆ. ಅವರು ಕನ್ನಡಕ ಏರಿಸಿ ಕಡತ ತೆಗೆದರು.

"ಮೊದಲನೇ ಕಾರಣ, ಹಾಲ್ ಕಟ್ಟಿಸಿದ್ದೇ ಆಟಕ್ಕೆ."

"ಅವರು ಆಡ್ತಿರೋದೂ ಆಟಾನೇ, ಸಾರ್. ಕಡೆ ಬದಲಿಸ್ತಾರೆ, ಸೋಲ್ತಾರೆ, ಬೆವರ್ತಾರೆ."

"ಎರಡನೇದು, ನೆಲಕ್ಕೆ ಗೀರು ಬೀಳುತ್ತೆ."

"ಗೀರು ನನ್ನ ಮ್ಯಾಟ್ ಎಳೆದಾಗ ಬಿದ್ದದ್ದು."

"ಮೂರು, ವಿಪರೀತ ಗದ್ದಲ."

"ಅದು ನಾನು."

ಅವರು ಪುಟ ತಿರುಗಿಸಿದರು. ನನ್ನ ಅರ್ಜಿ ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ.

"ನಾಲ್ಕನೇದು, ವಾಲಿಬಾಲ್ ತಂಡದ ಅಭ್ಯಾಸ ನಿಂತುಹೋಗಿದೆ. ಇದಕ್ಕೇನು ಹೇಳ್ತೀರಿ?"

ಇದಕ್ಕೆ ಉತ್ತರ ತಯಾರು ಮಾಡಿಕೊಂಡು ಹೋಗಿರಲಿಲ್ಲ. ಪಂಡಿತನ ಹಾಗೆ ಐದು ಎಣಿಸಿದೆ. ಆಮೇಲೆ ಇದ್ದದ್ದನ್ನು ಹೇಳಿದೆ. "ತಂಡದಲ್ಲಿ ಐದೇ ಜನ ಇದ್ದಾರೆ, ಸಾರ್. ಎರಡು ವರ್ಷದಿಂದ ಐದೇ. ಅದು ನಿಂತದ್ದು ಈ ಮಕ್ಕಳಿಂದ ಅಲ್ಲ. ನಾವು ಬೆಳಿಗ್ಗೆ ಹೊರಗಿನ ಮೈದಾನದಲ್ಲಿ ಆಡ್ಕೋತೀವಿ."

ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಹೇಳಿದಷ್ಟು ಕಷ್ಟ ಇನ್ನಾವುದೂ ಆಗಿಲ್ಲ. ಹೇಳಿದ ಮೇಲೆ ಹಗುರವಾಯಿತು, ಅದೂ ನಿಜ.

ಪ್ರಿನ್ಸಿಪಾಲರು ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. "ಮಂಡಳಿಗೆ ನಾನು ಹೇಳ್ತೀನಿ. ಫಿಸಿಕ್ಸ್ ಮೇಡಂ ಫೋನ್ ಮಾಡಿದ್ರು, ಇನ್ನೂ ಒಂದು ತಿಂಗಳು ಬರೋಕಾಗಲ್ವಂತೆ. ನಿಮಗೆ ತೊಂದರೆ ಆಗುತ್ತೇನೋ."

ಪರವಾಗಿಲ್ಲ ಎಂದೆ. ನಗು ಬಾರದ ಹಾಗೆ ನೋಡಿಕೊಂಡೆ.

ಅಕ್ಟೋಬರ್ 3, ಶುಕ್ರವಾರ

ಬಿಚ್ಚಿದ ಮೂವತ್ತಮೂರು ಬೋಲ್ಟ್‌ಗಳನ್ನು ಮತ್ತೆ ಹಾಕಿದೆವು. ವಾಲಿಬಾಲ್ ಐವರೂ ಬಂದು ಕೈ ಹಚ್ಚಿದರು. ಸ್ಪ್ಯಾನರ್ ನನ್ನ ಹತ್ತಿರ ಮಾತಾಡಿದ್ದು ಒಂದೇ ಸಲ, "ಆ ಬೋಲ್ಟ್ ಇನ್ನೂ ಬಿಗಿ ಸಾರ್," ಎಂದು. ಕೋಪ ಇದ್ದೀತು ಎಂದುಕೊಂಡೆ. ಇರಲಿ, ಇರಬೇಕಾದದ್ದೇ.

ಸಂಜೆ ಎರಡೂ ಕಡೆಯಿಂದ ಓಡಿಸಿ ನೋಡಿದರು. ಕೆಂಪು ಕಡೆ ಸರಿಹೋಯಿತು. ನೀಲಿ ಕಡೆ ಚೆಂಡು ಹೆಕ್ಕಲು ಬಗ್ಗಿದ್ದು ಅಲ್ಲೇ ಸ್ತಬ್ಧ. ಎಲ್ಲರೂ ಸುತ್ತ ಮುತ್ತಿ ಏನೋ ನೋಡಿ ಪಿಸಪಿಸ ಎಂದರು. ನಾನು ಆ ಕಡೆ ಪೊರಕೆ ಹುಡುಕುತ್ತಿದ್ದೆ.

ಬೀಗ ಹಾಕುವ ಮುಂಚೆ ನೋಟ್‌ಬುಕ್ ತೆರೆದೆ. 'ಹಾಲ್ ಹೋಯಿತು. ಸಾರ್ ಬರೆದ ಅರ್ಜಿ.' ಅದರ ಮುಂದೆ ಸರಿ ಗುರುತು ಬಿದ್ದಿತ್ತು. ಕೆಳಗೆ ಇವತ್ತಿನ ಹೊಸ ಸಾಲು, ಶಾಯಿ ಇನ್ನೂ ಹಸಿ. 'ನೀಲಿ ಕಡೆ ನಿಂತುಹೋಯಿತು. ಬ್ಯಾಟರಿ ಪಟ್ಟಿ ಸಡಿಲ. ಕಟ್ಟಿದ್ದು ಸಾರ್.'

ಈ ಸಲ ಖಾನೆ ಖಾಲಿ ಬಿಟ್ಟಿರಲಿಲ್ಲ, ತಂಡದವರ ತಪ್ಪು ಬರೆಯುವ ಹಾಗೇ ನನ್ನದನ್ನೂ ಬರೆದಿದ್ದಳು. ಕೊನೆಯ ಎರಡು ಪದಗಳನ್ನು ಎರಡು ಸಲ ಓದಿಕೊಂಡೆ. ನಾಳೆ ರಜೆ, ಆದರೂ ಮಕ್ಕಳು ಅಭ್ಯಾಸಕ್ಕೆ ಬರುತ್ತಾರೆ. ಹೋಗಿ ಪಟ್ಟಿ ಸರಿಯಾಗಿ ಕಟ್ಟುವುದನ್ನು ಅವಳಿಂದ ಕಲಿಯಬೇಕು.